ಕರುನಾಡು ಎಂದರೆ ಕಪ್ಪು ಮಣ್ಣಿನ ನಾಡೇ?

ನವೆಂಬರ್ ಬಂತೆಂದರೆ ಶಾಲೆ, ಬ್ಯಾಂಕು, ಬಸ್ ಡಿಪೊ, ಬಡಾವಣೆ ಸಂಘ, ಎಲ್ಲೆಡೆಯ ವೇದಿಕೆಗಳಲ್ಲೂ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಕರು ಅಂದರೆ ಕಪ್ಪು, ಕಪ್ಪು ಮಣ್ಣಿನ ನಾಡು ಕರುನಾಡು, ಅದೇ ಕರ್ನಾಟಕವಾಯಿತು. ಮಕ್ಕಳು ಇದನ್ನು ಬಾಯಿಪಾಠ ಮಾಡಿ ಭಾಷಣ ಸ್ಪರ್ಧೆಯಲ್ಲಿ ಒಪ್ಪಿಸುತ್ತಾರೆ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನನ್ನನ್ನು ಈಗಲೂ ಅಂಥ ಸ್ಪರ್ಧೆಗಳಿಗೆ ತೀರ್ಪು ಕೊಡಲು ಕರೆಯುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೊಂದು ತಕರಾರು ಏಳುತ್ತದೆ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಇನ್ನೂ ತೀರದ ಒಂದು ವ್ಯಾಜ್ಯದಲ್ಲಿ ಅದೊಂದು ಪಕ್ಷದ ವಾದ. ಅದನ್ನು ಕೊನೆಯ ತೀರ್ಪೆಂಬಂತೆ ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳಿಗೆ ಕಲಿಸುವುದು ತಪ್ಪು ಎಂಬುದಷ್ಟೇ ನನ್ನ ಮಾತು.

ನಾನು ಹುಟ್ಟಿದ್ದು ಅಣ್ಣಿಗೇರಿ ಸೀಮೆಯ ಒಕ್ಕಲು ಮನೆಯಲ್ಲಿ. ಕಪ್ಪು ಮಣ್ಣಿನ ನಾಡು ಎಂಬುದೊಂದು ಇದ್ದರೆ ಅದು ನಮ್ಮದೇ. ಮಳೆ ಬಿದ್ದರೆ ಕಾಲಿಗೆ ಮೆತ್ತಿ ಬಿಡದ, ಬೇಸಿಗೆಯಲ್ಲಿ ಮೊಳಕಾಲು ಹೋಗುವಷ್ಟು ಬಿರುಕು ಬಿಡುವ ನೆಲ. ಹಿಂಗಾರಿ ಜೋಳ, ಕಡಲೆ, ಕುಸುಬಿ, ಹತ್ತಿ ಬೆಳೆಯುವ ನೆಲ. ಆದರೆ ನಮ್ಮಪ್ಪ ಆ ಹೊಲವನ್ನು ಒಮ್ಮೆಯೂ ‘ಕರಿ ಹೊಲ’ ಎಂದವನಲ್ಲ. ‘ನಮ್ದು ಎರಿ ಹೊಲ, ಅವ್ರದು ಮಸಾರಿ’ ಎಂದೇ ಅವನ ಮಾತು. ಎರಿ ಎಂದರೆ ಕಪ್ಪು ನೆಲ, ಮಸಾರಿ ಎಂದರೆ ಕೆಂಪು ನೆಲ. ಬೀಜ ಕೊಳ್ಳುವಾಗ, ಹೆಣ್ಣು ಕೊಡುವಾಗ, ಹೊಲದ ಬೆಲೆ ಕಟ್ಟುವಾಗ ಈ ಎರಡು ಮಾತುಗಳಿಂದಲೇ ಎಲ್ಲವೂ ತೀರ್ಮಾನವಾಗುತ್ತಿತ್ತು. ಹಳೆಯ ಶಾಸನಗಳು ನಮ್ಮ ಈ ಬಯಲನ್ನು ಬೆಳ್ವೊಲ ಮುನ್ನೂರು ಎಂದು ಕರೆದಿವೆ. ಬೆಳ್ವೊಲ ಎಂಬುದನ್ನು ಬೆಳೆಯ ಹೊಲ ಎಂದು ಓದಬಹುದು, ಬೆಳ್ಳನೆಯ ಹೊಲ ಎಂದೂ ಬಿಡಿಸಬಹುದು. ಕಪ್ಪು ಎಂದು ಮಾತ್ರ ಓದಲಾಗದು. ಎರಿ ಭೂಮಿಯ ನಟ್ಟನಡುವೆ ಬಾಳಿದ ಜನ ತಮ್ಮ ನೆಲಕ್ಕೆ ಬಳಸಿದ ಹೆಸರುಗಳಲ್ಲಿ ‘ಕರು’ ಎಲ್ಲೂ ಕಾಣದಿರುವಾಗ, ಇಡೀ ನಾಡಿಗೆ ಆ ನೆಲದ ಬಣ್ಣದಿಂದಲೇ ಹೆಸರು ಬಂತು ಎನ್ನುವವರು ಇದಕ್ಕೊಂದು ಉತ್ತರ ಕೊಡಬೇಕು.

ಈ ವಾದಕ್ಕೆ ಆಧಾರವಿಲ್ಲದೆ ಇಲ್ಲ, ಅದನ್ನೂ ಹೇಳಬೇಕು. ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್, ಮಲಯಾಳ ನಿಘಂಟಿನ ಗುಂಡರ್ಟ್ ಅವರ ಅಭಿಪ್ರಾಯವೆಂದು ಇದನ್ನು ಉಲ್ಲೇಖಿಸಿದ್ದಾರೆ: ‘ಕರ್’ ಎಂದರೆ ಕಪ್ಪು, ‘ನಾಡು’ ಎಂದರೆ ದೇಶ, ದಖ್ಖನ್ ಪ್ರಸ್ಥಭೂಮಿಯ ಹತ್ತಿ ಬೆಳೆಯುವ ಕಪ್ಪು ನೆಲಕ್ಕೆ ಒಪ್ಪುವ ಹೆಸರು. ಕನ್ನಡದ ಸಂಧಿಯೂ ಅದರ ಪರವಾಗಿ ಸಾಕ್ಷಿ ನುಡಿಯುತ್ತದೆ. ಕರ್ ಮತ್ತು ಕತ್ತಲೆ ಸೇರಿ ಕಗ್ಗತ್ತಲೆ ಆಗುತ್ತದೆ. ಕರ್ ಮತ್ತು ಪೊನ್ ಸೇರಿ ಕರ್ಬೊನ್, ಮುಂದೆ ಕಬ್ಬಿಣ ಆಗುತ್ತದೆ. ಹಾಗೆಯೇ ಕರ್ ಮತ್ತು ನಾಡು ಸೇರಿ ಕನ್ನಾಡು, ಅದರಿಂದ ಕನ್ನಡ. ತರಗತಿಯಲ್ಲಿ ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದಾಗ ಮಕ್ಕಳ ಮುಖ ಅರಳುವುದನ್ನು ನೋಡಿದ್ದೇನೆ. ಆದರೂ ‘ನಾಡು’ ಮೊಟಕಾಗಿ ‘ನಡ’ ಆದದ್ದು ಹೇಗೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಮಲೆನಾಡು, ತುಳುನಾಡು, ತಮಿಳುನಾಡುಗಳಲ್ಲಿ ನಾಡು ನಾಡಾಗಿಯೇ ಉಳಿದಿದೆಯಲ್ಲ!

‘ಕರು’ ಪದಕ್ಕೆ ಎತ್ತರ ಎಂಬ ಅರ್ಥವೂ ಉಂಟು. ಹಳೆಗನ್ನಡದಲ್ಲಿ ಕರುಮಾಡ ಎಂದರೆ ಎತ್ತರದ ಉಪ್ಪರಿಗೆ ಮನೆ. ಕರಾವಳಿಯಿಂದಲೋ ತಮಿಳು ಬಯಲಿನಿಂದಲೋ ಘಟ್ಟ ಹತ್ತಿ ಬರುವವನಿಗೆ ಇದು ಎತ್ತರದ ನಾಡಾಗಿಯೇ ಕಂಡೀತು. ನೆರೆಯವರು ಇಟ್ಟ ಹೆಸರೇ ನಮ್ಮ ಹೆಸರಾಗಿದ್ದರೆ ಈ ಅರ್ಥ ಇನ್ನೂ ಚೆನ್ನಾಗಿ ಹೊಂದುತ್ತದೆ. ತಮಿಳಿನ ಶಿಲಪ್ಪದಿಕಾರಂ ನಮ್ಮವರನ್ನು ‘ಕರುನಾಡರ್’ ಎಂದು ಕರೆಯುವುದು ಗಮನಿಸಬೇಕಾದ ಸಂಗತಿ. ನಮ್ಮ ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿಯವರೆಗಿನ ಎಲ್ಲೆಯನ್ನು ಹೇಳುವ ಪದ್ಯದಲ್ಲಿ ನಾಡಿಗೆ ಬಳಸಿದ ಹೆಸರು ‘ಕನ್ನಡ’. ಕರುನಾಡು ಎಂಬ ರೂಪ ಅಲ್ಲಿಲ್ಲ. ಅಂದರೆ ನಾವು ಇಂದು ನಮ್ಮ ಒಳಗಿನಿಂದ ಬಂದದ್ದೆಂದು ಅಭಿಮಾನದಿಂದ ಹೇಳುವ ರೂಪ ತಮಿಳು ಕಾವ್ಯದಲ್ಲಿ ಸಿಗುತ್ತದೆ. ನಮ್ಮ ಮೊದಲ ಲಕ್ಷಣಗ್ರಂಥದಲ್ಲಿ ಕನ್ನಡ ಎಂಬುದು ನುಡಿಯ ಹೆಸರೂ ಹೌದು, ನಾಡಿನ ಹೆಸರೂ ಹೌದು.

ಕವಿರಾಜಮಾರ್ಗ ಇನ್ನೊಂದು ಮಾತು ಹೇಳುತ್ತದೆ. ತಿರುಳ್ಗನ್ನಡ, ಅಂದರೆ ಅಚ್ಚ ಕನ್ನಡ, ಎಲ್ಲಿದೆ ಎಂದು ಗುರುತಿಸಲು ಅದು ನಾಲ್ಕು ಊರುಗಳ ಹೆಸರು ಹೇಳುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಕೊಪಣ ಇಂದಿನ ಕೊಪ್ಪಳ, ಪುಲಿಗೆರೆ ಇಂದಿನ ಲಕ್ಷ್ಮೇಶ್ವರ. ಕಿಸುವೊಳಲು ಎಂದರೆ ಪಟ್ಟದಕಲ್ಲು. ‘ಕಿಸು’ ಎಂದರೆ ಕೆಂಪು, ‘ಪೊಳಲ್’ ಎಂದರೆ ಪಟ್ಟಣ, ಹಾಗಾಗಿ ಅದು ಕೆಂಪು ಪಟ್ಟಣ. ಮಲಪ್ರಭೆಯ ದಂಡೆಯ ಆ ಕೆಂಪು ಮರಳುಗಲ್ಲಿನ ದೇವಾಲಯಗಳನ್ನು ನೋಡಿದವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ನಾಡಿನ ಅತ್ಯಂತ ಶುದ್ಧ ನುಡಿಯ ಊರೆಂದು ಕವಿ ಎಣಿಸಿದ ಪಟ್ಟಣಕ್ಕೆ ಕೆಂಪಿನ ಹೆಸರು. ಅತ್ತ ಮೈಸೂರು ಸೀಮೆಯ ಬಹುಪಾಲು ಕೆಮ್ಮಣ್ಣು, ಕರಾವಳಿಯದು ಜಂಬಿಟ್ಟಿಗೆ ನೆಲ. ಕಪ್ಪು ಮಣ್ಣಿನ ವಾದವನ್ನು ಒಪ್ಪಬೇಕಾದರೆ, ನಾಡಿನ ಒಂದು ಭಾಗದ ಬಣ್ಣ ಉಳಿದೆಲ್ಲ ಭಾಗಗಳಿಗೂ ಹೇಗೆ ಹಬ್ಬಿತು ಎಂದು ವಿವರಿಸಬೇಕಾಗುತ್ತದೆ. ಹಬ್ಬಿರಲೂಬಹುದು. ಒಂದು ಸೀಮೆಯ ಹೆಸರು ದೊಡ್ಡ ರಾಜ್ಯದ ಹೆಸರಾದ ಉದಾಹರಣೆಗಳು ಇತಿಹಾಸದಲ್ಲಿ ಬೇಕಾದಷ್ಟಿವೆ. ಆದರೆ ಅದನ್ನು ತೋರಿಸಿಕೊಡಬೇಕು, ಸುಮ್ಮನೆ ಊಹಿಸಿ ಬಿಡಬಾರದು.

ಕಮ್ಮಿತ್ತು, ಅಂದರೆ ಕಂಪಿನ ನಾಡು, ಎಂಬ ಅರ್ಥವನ್ನೂ ಕೆಲವರು ಹೇಳಿದ್ದಾರೆ, ಶ್ರೀಗಂಧವನ್ನು ನೆನೆದು. ಸಂಸ್ಕೃತ ಪಂಡಿತರು ‘ಕರ್ಣ’ವನ್ನು ಕಿವಿ ಮಾಡಿ, ಎಲ್ಲರ ಕಿವಿಗಳಲ್ಲೂ ಸುಳಿದಾಡುವ ಕೀರ್ತಿಯ ನಾಡು ಎಂದರು. ಇವೆರಡೂ ಪ್ರೀತಿಯ ಮಾತುಗಳು, ಪುರಾವೆ ಮಾತ್ರ ತೆಳ್ಳಗಿದೆ. ಧಾರವಾಡದ ಶಂ.ಬಾ. ಜೋಶಿಯವರು ಹಿಡಿದ ದಾರಿ ಬೇರೆ. ಶಾಲಾ ಮಾಸ್ತರಿಕೆ ಮಾಡುತ್ತಲೇ ಜೀವಮಾನವಿಡೀ ಕನ್ನಡದ ಬೇರು ಹುಡುಕಿದ ಅವರು ಮಣ್ಣಿನ ಬಣ್ಣ ಬಿಟ್ಟು ಜನರ ಕಡೆ ತಿರುಗಿದರು. ನಾಡಿನ ಹೆಸರಿನ ಬುಡದಲ್ಲಿ ಒಂದು ಪ್ರಾಚೀನ ಜನವರ್ಗದ ಹೆಸರಿದೆ ಎಂದು ವಾದಿಸಿದರು. ಮಹಾರಾಷ್ಟ್ರದ ಊರುಗಳ ಹೆಸರುಗಳನ್ನೂ, ಹಳೆಯ ದೇವರುಗಳನ್ನೂ, ಕುಲನಾಮಗಳನ್ನೂ ಸಾಕ್ಷಿಗೆ ಕರೆದರು. ಅವರ ತೀರ್ಮಾನಗಳನ್ನೆಲ್ಲ ಒಪ್ಪಲು ನನಗೆ ಆಗಿಲ್ಲ. ಆದರೆ ಅವರ ಪ್ರಶ್ನೆ ಸರಿಯಾದದ್ದು ಎಂದು ಬಲವಾಗಿ ನಂಬಿದ್ದೇನೆ. ಮೊದಲು ಹೆಸರು ಬಂದದ್ದು ನೆಲಕ್ಕೋ, ನೆಲದ ಮೇಲಿನ ಜನರಿಗೋ? ರಾಜ್ಯೋತ್ಸವದ ಭಾಷಣಗಳಲ್ಲಿ ಜೋಶಿಯವರ ಈ ಪ್ರಶ್ನೆ ಕೇಳಿಸುವುದೇ ಇಲ್ಲ.

ಕರ್ಣಾಟದಿಂದ ಕನ್ನಡ ಬಂತೋ, ಕನ್ನಡದಿಂದ ಕರ್ಣಾಟ ಬಂತೋ ಎಂಬ ಜಗಳ ಇದಕ್ಕಿಂತ ಬಿಸಿಯಾದದ್ದು. ಹಳೆಯ ಪಂಡಿತ ಪರಂಪರೆ ಕನ್ನಡವನ್ನು ಕರ್ಣಾಟದ ತದ್ಭವ ಎಂದು ತಿಳಿಯಿತು. ನಾಗವರ್ಮನ ವ್ಯಾಕರಣ ‘ಕರ್ಣಾಟಕ ಭಾಷಾಭೂಷಣ’, ಭಟ್ಟಾಕಳಂಕನದು ‘ಕರ್ಣಾಟಕ ಶಬ್ದಾನುಶಾಸನ’. ಎರಡೂ ಸಂಸ್ಕೃತದಲ್ಲಿ ಬರೆದ ಕನ್ನಡ ವ್ಯಾಕರಣಗಳು. ಹೊಸಗಾಲದ ವಿದ್ವಾಂಸರಲ್ಲಿ ಅನೇಕರು ಇದನ್ನು ತಿರುಗಿಸಿ ಹಾಕಿದರು: ದೇಶೀ ಹೆಸರಿಗೆ ಸಂಸ್ಕೃತದ ಉಡುಪು ತೊಡಿಸಿ ಕರ್ಣಾಟ ಮಾಡಿದರು, ಮೂಲ ನಮ್ಮದೇ. ನನ್ನ ಮನಸ್ಸು ಒಲಿಯುವುದು ಈ ಎರಡನೆಯ ವಾದಕ್ಕೆ. ಕರ್ಣಾಟ ಎಂಬ ಮಾತಿಗೆ ಸಂಸ್ಕೃತದ ಒಳಗೆ ನಂಬುವಂಥ ವ್ಯುತ್ಪತ್ತಿ ಸಿಗುವುದಿಲ್ಲ, ಕಿವಿಯ ಕಥೆ ಕಟ್ಟಬೇಕಾಗಿ ಬಂದದ್ದೇ ಅದಕ್ಕೆ ಸಾಕ್ಷಿ. ಆದರೆ ಬರಹದ ದಾಖಲೆಯಲ್ಲಿ ಕರ್ಣಾಟ ಬಹಳ ಹಳೆಯದು ಎಂಬುದನ್ನು ಮುಚ್ಚಿಡುವುದು ಸಲ್ಲದು. ಮಹಾಭಾರತದ ಜನಪದಗಳ ಪಟ್ಟಿಯಲ್ಲಿ ಅದಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿದೆ. ಶೂದ್ರಕನ ಮೃಚ್ಛಕಟಿಕದಲ್ಲಿ ಚಂದನಕ ಎಂಬ ಕಾವಲುಗಾರ ಕರ್ಣಾಟ ರೀತಿಯಲ್ಲಿ ಜಗಳ ತೆಗೆಯುವ ಮಾತಾಡುತ್ತಾನೆ. ಅಷ್ಟು ಹಿಂದೆಯೇ ನಮ್ಮವರ ಜಗಳದ ವರಸೆ ಉಜ್ಜಯಿನಿಯ ನಾಟಕದವರೆಗೂ ತಲುಪಿತ್ತು!

ನಾನು ತರಗತಿಯಲ್ಲಿ ಒತ್ತಿ ಹೇಳುತ್ತಿದ್ದ ಇನ್ನೊಂದು ದಾಖಲೆ ಕೊಲ್ಹಾಪುರ ಜಿಲ್ಲೆಯ ಸಾಮನಗಡದ ತಾಮ್ರಪಟ. 8ನೆಯ ಶತಮಾನದ ಮಧ್ಯಭಾಗದ್ದು, ರಾಷ್ಟ್ರಕೂಟ ದಂತಿದುರ್ಗನದು. ಬಾದಾಮಿ ಚಾಲುಕ್ಯರ ಸೈನ್ಯವನ್ನು ಅದು ಕರ್ಣಾಟಕ ಬಲ ಎನ್ನುತ್ತದೆ. ಕಂಚಿ, ಕೇರಳ, ಚೋಳ, ಪಾಂಡ್ಯ, ಹರ್ಷ ಇವರನ್ನೆಲ್ಲ ಸೋಲಿಸುವುದರಲ್ಲಿ ಪಳಗಿದ್ದ ಆ ಬಲವನ್ನು ಕೆಲವೇ ಜನರೊಡನೆ ಗೆದ್ದನೆಂಬುದು ದಂತಿದುರ್ಗನ ಹೆಗ್ಗಳಿಕೆ. ಅಂದರೆ ಆ ಕ್ಷಣದಲ್ಲಿ ಕರ್ಣಾಟಕ ಎಂಬುದು ರಾಷ್ಟ್ರಕೂಟರ ಎದುರಾಳಿಯ ಹೆಸರು. ಒಂದು ಶತಮಾನ ಕಳೆಯುವಷ್ಟರಲ್ಲಿ ಅದೇ ವಂಶದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಕವಿರಾಜಮಾರ್ಗದಲ್ಲಿ ಕನ್ನಡ ನಾಡಿನ ಎಲ್ಲೆ ಬರೆಯುತ್ತಾನೆ. ಗೆದ್ದವರು ಸೋತವರ ಹೆಸರನ್ನು ತಮ್ಮದಾಗಿಸಿಕೊಂಡರು. ಹೆಸರಿನ ಬೇರು ಮಣ್ಣಿನಲ್ಲಿದೆಯೋ ಎತ್ತರದಲ್ಲಿದೆಯೋ ಎಂಬ ಚರ್ಚೆಗಿಂತ ಈ ಒಂದು ಬದಲಾವಣೆ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅಲ್ಲಿ ಒಂದು ಜನ ಆಗುತ್ತಿರುವುದನ್ನು ಕಾಣುತ್ತೇವೆ. ನಾವು ಕನ್ನಡಿಗರಾದದ್ದು ಒಂದೇ ರಕ್ತದವರೆಂದೋ ಒಂದೇ ಮಣ್ಣಿನವರೆಂದೋ ಅಲ್ಲ. ಬೇರೆ ಬೇರೆ ಕಡೆಯಿಂದ ಬಂದವರು, ಒಬ್ಬರನ್ನೊಬ್ಬರು ಸೋಲಿಸಿದವರು, ಒಂದು ಹೆಸರಿನ ಕೆಳಗೆ ಬಾಳಲು ಒಪ್ಪಿದ್ದರಿಂದ.

ಹೆಸರು ಅಲ್ಲಿಗೂ ನಿಲ್ಲಲಿಲ್ಲ. ಬಂಗಾಳದ ಸೇನ ಅರಸರು ತಾವು ಕರ್ಣಾಟ ಕ್ಷತ್ರಿಯರೆಂದು ಹೇಳಿಕೊಂಡರು. ಮಿಥಿಲೆಯಲ್ಲಿ ನಾನ್ಯದೇವ ಸ್ಥಾಪಿಸಿದ ವಂಶಕ್ಕೆ ಕರ್ಣಾಟ ವಂಶವೆಂದೇ ಹೆಸರು. ವಿಜಯನಗರದ ಕಾಲಕ್ಕೆ ಕರ್ಣಾಟ ಎಂಬುದು ಆ ಸಾಮ್ರಾಜ್ಯದ ಹೆಸರಾಗಿತ್ತು. ತಾಳಿಕೋಟೆ ಕದನದ ನಂತರ ರಾಜಧಾನಿ ಪೆನುಗೊಂಡೆಗೂ ಚಂದ್ರಗಿರಿಗೂ ವೇಲೂರಿಗೂ ಸರಿದಂತೆ ಹೆಸರೂ ಅದರ ಜೊತೆ ದಕ್ಷಿಣಕ್ಕೆ ಸರಿಯಿತು. ಕೊನೆಗೆ ಆರ್ಕಾಟಿನ ನವಾಬ ಕರ್ನಾಟಕದ ನವಾಬನಾದ. ನಮ್ಮ ಮಕ್ಕಳು ಓದುವ 1746ರಿಂದ 1763ರವರೆಗಿನ ಕರ್ನಾಟಿಕ್ ಯುದ್ಧಗಳು ನಡೆದದ್ದು ತಮಿಳು ನೆಲದಲ್ಲಿ. ಅವುಗಳಿಗೂ ಧಾರವಾಡಕ್ಕೂ ಸಂಬಂಧವಿಲ್ಲ ಎಂದು ಪ್ರತಿ ವರ್ಷ ಹೊಸ ತಂಡದ ಮಕ್ಕಳಿಗೆ ತಿಳಿಸಿ ಹೇಳಬೇಕಾಗುತ್ತಿತ್ತು.

ಪಡುವಣದಲ್ಲಿ ಇನ್ನೂ ವಿಚಿತ್ರ. ಪೋರ್ಚುಗೀಸರು ಗೋವೆಯಲ್ಲಿ ಕೊಂಕಣಿಯನ್ನು ‘ಕನಾರಿಂ’ ಭಾಷೆ ಎಂದರು. ಥಾಮಸ್ ಸ್ಟೀಫನ್ಸ್ ಬರೆದ ಕೊಂಕಣಿ ವ್ಯಾಕರಣ 1640ರಲ್ಲಿ ರಾಯ್ತೂರಿನಲ್ಲಿ ಅಚ್ಚಾದಾಗ ಅದರ ಹೆಸರಿನಲ್ಲಿ ಇದ್ದದ್ದು ಕನಾರಿಂ ಎಂಬ ಮಾತೇ. ಅದೇ ಮಾತಿನ ಕವಲು ಇಂಗ್ಲಿಷರ ಬಾಯಲ್ಲಿ ಕೆನರಾ ಆಯಿತು, ಜಿಲ್ಲೆಯ ಹೆಸರಾಯಿತು. ಆ ಜಿಲ್ಲೆ ಎರಡು ಹೋಳಾಗಿ 1862ರಲ್ಲಿ ಉತ್ತರದ ತುಂಡು ಮುಂಬಯಿಗೆ ಹೋಯಿತು, ದಕ್ಷಿಣದ ತುಂಡು ಮದ್ರಾಸಿನಲ್ಲೇ ಉಳಿಯಿತು. ಶ್ರೀರಾಂಪುರದಲ್ಲಿ 1817ರಲ್ಲಿ ವ್ಯಾಕರಣ ಅಚ್ಚು ಹಾಕಿಸಿದ ವಿಲಿಯಂ ಕೇರಿ ನಮ್ಮ ನುಡಿಯನ್ನು ‘ಕುರ್ನಾಟ’ ಎಂದ. ಕಾಲ್ಡ್‌ವೆಲ್ ‘ಕ್ಯಾನರೀಸ್’ ಎಂದ. 1894ರ ಕಿಟ್ಟೆಲ್ ನಿಘಂಟು ಮಾತ್ರ ನಾವು ಕರೆದುಕೊಳ್ಳುವಂತೆಯೇ ‘ಕನ್ನಡ’ ಎಂದು ಮುಖಪುಟದಲ್ಲೇ ಬರೆಯಿತು. ಜರ್ಮನಿಯಿಂದ ಬಂದ ಆ ಪಾದ್ರಿಯ ಬಗ್ಗೆ ನನಗಿರುವ ಗೌರವಕ್ಕೆ ಇದೂ ಒಂದು ಕಾರಣ.

ನಮ್ಮೊಳಗೂ ಒಮ್ಮತವಿರಲಿಲ್ಲ. 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪರಿಷತ್ತಿನ ಹೆಸರು ಕರ್ಣಾಟಕ ಸಾಹಿತ್ಯ ಪರಿಷತ್ತು. ಅದು ಕನ್ನಡ ಸಾಹಿತ್ಯ ಪರಿಷತ್ತು ಆದದ್ದು 1938ರಲ್ಲಿ. ಣಕಾರ ಬರೆಯಬೇಕೋ ನಕಾರ ಬರೆಯಬೇಕೋ ಎಂಬುದಕ್ಕೂ ಪತ್ರಿಕೆಗಳಲ್ಲಿ ವಾದಗಳಾದವು. ನಮ್ಮ ಧಾರವಾಡದವರಿಗೆ ರಾಜ್ಯ ಹುಟ್ಟುವ ಎಷ್ಟೋ ಮೊದಲೇ ಕರ್ನಾಟಕವಿತ್ತು: 1890ರ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರ ಕರ್ನಾಟಕ ಕಾಲೇಜು, 1949ರ ಕರ್ನಾಟಕ ವಿಶ್ವವಿದ್ಯಾಲಯ. ಇವೆಲ್ಲ ಮುಂಬಯಿ ಆಡಳಿತದ ಕೆಳಗೆ ಇಟ್ಟ ಹೆಸರುಗಳು. 1917ರಲ್ಲೇ ‘ಕರ್ನಾಟಕ ಗತವೈಭವ’ ಬರೆದ ಆಲೂರು ವೆಂಕಟರಾಯರು 1956ರ ಏಕೀಕರಣ ಕಂಡರು. ಆದರೆ ಒಂದಾದ ರಾಜ್ಯಕ್ಕೆ ಮೈಸೂರು ಎಂಬ ಹೆಸರೇ ಉಳಿಯಿತು, 1964ರಲ್ಲಿ ಅವರು ತೀರಿಕೊಂಡಾಗಲೂ ಅದೇ ಹೆಸರು. ಗದಗ ಜಿಲ್ಲೆಯ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಶಾಸನಸಭೆಯಲ್ಲಿ ಹೆಸರಿಗಾಗಿ ಪಟ್ಟು ಹಿಡಿದು ನಿಂತರು, 1972ರಲ್ಲಿ ಹೋದರು. ದೇವರಾಜ ಅರಸರು 1973ರ ನವೆಂಬರ್ 1ರಂದು ಕರ್ನಾಟಕ ಎಂದು ಘೋಷಿಸಿದಾಗ ನಮ್ಮ ಮನೆಯಲ್ಲಿ ಅಪ್ಪ ದೊಡ್ಡಮೇಟಿಯವರನ್ನು ನೆನೆದ. ಜಕ್ಕಲಿ ನಮ್ಮ ಕಡೆಯ ಊರು, ಅವರ ಹೆಸರು ನಮ್ಮಲ್ಲಿ ಮನೆಮಾತು. ಹೆಸರಿಗಾಗಿ ದುಡಿದ ಇವರಲ್ಲಿ ಯಾರೂ ಕರ್ನಾಟಕ ಎಂಬುದರ ವ್ಯುತ್ಪತ್ತಿ ಸಿದ್ಧಪಡಿಸಿಕೊಂಡು ಹೋರಾಡಲಿಲ್ಲ. ತಮ್ಮ ಹೆಸರು ಇದು ಎಂದು ಹೇಳುವ ಹಕ್ಕು ತಮಗಿದೆ ಎಂದು ಹೋರಾಡಿದರು. ಅಷ್ಟೇ ಸಾಕಾಯಿತು.

ನೆರೆಹೊರೆಯನ್ನು ನೋಡಿದರೂ ಇದೇ ಕಥೆ. ತೆಲುಗಿಗೆ ತ್ರಿಲಿಂಗವೇ ಮೂಲ ಎನ್ನುವವರು ಶ್ರೀಶೈಲ, ಕಾಳೇಶ್ವರ, ದ್ರಾಕ್ಷಾರಾಮಗಳನ್ನು ತೋರಿಸುತ್ತಾರೆ. ಇನ್ನು ಕೆಲವರು ತೆಂಕಣ ದಿಕ್ಕನ್ನೋ ಜೇನನ್ನೋ ಹೇಳುತ್ತಾರೆ. ಮಹಾರಾಷ್ಟ್ರ ದೊಡ್ಡ ರಾಷ್ಟ್ರವೋ, ರಟ್ಟರ ನಾಡೋ ಎಂಬ ವಾದ ಮುಗಿದಿಲ್ಲ. ತಮಿಳು ಮತ್ತು ದ್ರಾವಿಡ ಎಂಬೆರಡರಲ್ಲಿ ಯಾವುದು ಯಾವುದರಿಂದ ಎಂಬ ಪ್ರಶ್ನೆ ನಮ್ಮ ಕರ್ಣಾಟ, ಕನ್ನಡದ ಪ್ರಶ್ನೆಯ ಜೋಡಿ. ತುಳು ಎಂಬ ಹೆಸರನ್ನು ಸೇಡಿಯಾಪು ಕೃಷ್ಣಭಟ್ಟರು ನೀರಿನೊಂದಿಗೆ ಜೋಡಿಸಿದರು. ಯಾರಿಗೂ ಸರ್ವಸಮ್ಮತ ಉತ್ತರ ಸಿಕ್ಕಿಲ್ಲ, ಹಾಗೆಂದು ಯಾರ ಗೌರವಕ್ಕೂ ಕುಂದು ಬಂದಿಲ್ಲ.

ಇಷ್ಟು ದೊಡ್ಡ ಭಾಷೆಗಳವರಿಗೆ ಈ ಅನಿಶ್ಚಯದಿಂದ ನಷ್ಟವಿಲ್ಲ, ನಿಜ. ನಷ್ಟವಾಗುವುದು ಸಣ್ಣ ಸಮುದಾಯಗಳಿಗೆ. ನನ್ನ ವೃತ್ತಿಯ ನಡುಗಾಲ ಹಳಿಯಾಳ ತಾಲ್ಲೂಕಿನ ಶಾಲೆಯೊಂದರಲ್ಲಿ ಕಳೆಯಿತು. ನನ್ನ ತರಗತಿಯಲ್ಲಿ ಸಿದ್ದಿ ಮಕ್ಕಳಿದ್ದರು. ಮನೆಯಲ್ಲಿ ಕೊಂಕಣಿಯ ಒಂದು ಬಗೆ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿಯನ್ನೂ ಉರ್ದುವನ್ನೂ ಸಲೀಸಾಗಿ ಆಡುವ ಮಕ್ಕಳು. ರಾಜ್ಯೋತ್ಸವದ ಮಾರನೆಯ ದಿನ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು, ‘ಅಕ್ಕೋರ, ಕರ್ನಾಟಕ ಅಂದ್ರೇನು ಅಂತ ಹೇಳಿದ್ರಿ. ಸಿದ್ದಿ ಅಂದ್ರೇನ್ರಿ?’ ತರಗತಿ ಸುಮ್ಮನಾಯಿತು. ಹೊರಗೆ ಅವರನ್ನು ಕರೆಯುವ ಬೇರೆ ಮಾತುಗಳು ಆ ಮಕ್ಕಳಿಗೆಲ್ಲ ಗೊತ್ತಿದ್ದವು. ಆ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ.

ನಾನು ಅವಳಿಗೆ ಹೇಳಿದ್ದು ಇಷ್ಟು. ಅರಬ್ಬಿಯಲ್ಲಿ ಸಯ್ಯಿದ್ ಎಂದರೆ ಒಡೆಯ. ಅದರಿಂದ ಸೀದಿ, ಸಿದ್ದಿ ಬಂತು ಎಂಬುದು ಹೆಚ್ಚು ಜನ ಒಪ್ಪುವ ವಾದ. ಹಡಗಿನ ನಾಯಕರಿಗೆ ಗೌರವದಿಂದ ಕರೆದ ಮಾತು ಅವರ ಜೊತೆ ಬಂದವರಿಗೆಲ್ಲ ಹಬ್ಬಿತು ಎಂದು ಕೆಲವರು ಹೇಳುತ್ತಾರೆ. ಅದಕ್ಕೂ ಮೊದಲು ಹಬ್ಶಿ ಎಂಬ ಹೆಸರಿತ್ತು, ಅದು ಇಥಿಯೋಪಿಯದ ಹಬಶ್ ನಾಡಿನಿಂದ ಬಂದದ್ದು. ಅಹಮದ್‌ನಗರವನ್ನು ಮೊಘಲರಿಂದ ಕಾಪಾಡಿದ ಮಲಿಕ್ ಅಂಬರ್ ಹಾಗೆ ಬಂದವನು. ಜಂಜೀರಾ ಕೋಟೆಯನ್ನು ಆಳಿದವರು ಸಿದ್ದಿಗಳು. ಉತ್ತರ ಕನ್ನಡದ ಕಾಡಿನ ಸಿದ್ದಿಗಳಲ್ಲಿ ಬಹಳಷ್ಟು ಜನರ ಹಿರಿಯರನ್ನು ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡುಗಳಲ್ಲಿ ನೆಲೆ ನಿಂತರು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನವೂ ಬಂಟು ಮಾತಾಡುವ ಆಫ್ರಿಕನ್ ಜನರೊಂದಿಗೆ ಅವರ ನಂಟನ್ನು ತೋರಿಸಿತು. ಅದು ಬಂದದ್ದು ಆ ಹುಡುಗಿ ಶಾಲೆ ಬಿಟ್ಟ ಎಷ್ಟೋ ವರ್ಷಗಳ ಮೇಲೆ.

ಸರ್ಕಾರಕ್ಕೆ ಈ ಹೆಸರು ತಿಳಿಯಲು ಎಷ್ಟು ಕಾಲ ಹಿಡಿಯಿತು ನೋಡಿ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೆ 2020ರಲ್ಲಿ. ಅಕ್ಕನಿಗೆ ಜಿಲ್ಲೆಯ ಗಡಿಯ ಈಚೆ ಮದುವೆಯಾಗಿ ತಂಗಿಗೆ ಆಚೆ ಆಗಿದ್ದರೆ, ಹದಿನೇಳು ವರ್ಷ ಅವರ ಊರುಗಳಲ್ಲಿ ಒಂದೇ ಹೆಸರಿಗೆ ಎರಡು ಬೆಲೆ. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದೂ 2020ರಲ್ಲೇ. ಅವರ ಹೆಸರಿನ ಕೊನೆಯ ಎರಡಕ್ಷರ ಸದನದ ದಾಖಲೆಯಲ್ಲಿ ಅಚ್ಚಾದಾಗ ನನಗಾದ ಸಂತೋಷ ದೊಡ್ಡದು.

ಸಿದ್ದಿಗಳೊಬ್ಬರೇ ಅಲ್ಲ. ನಾವು ಲಂಬಾಣಿ ಎಂದು ಕರೆಯುವ ಜನ ತಮ್ಮನ್ನು ‘ಗೋರ್’ ಎಂದು ಕರೆದುಕೊಳ್ಳುತ್ತಾರೆ, ಹೊರಗಿನವರನ್ನು ‘ಕೋರ್’ ಎನ್ನುತ್ತಾರೆ. ಲಂಬಾಣಿ ಎಂಬುದನ್ನು ಲವಣದಿಂದ, ಬಂಜಾರ ಎಂಬುದನ್ನು ವಾಣಿಜ್ಯದಿಂದ ಬಿಡಿಸುವ ವಿದ್ವಾಂಸರಿದ್ದಾರೆ. ಉಪ್ಪು, ದವಸ ಹೇರಿಕೊಂಡು ಎತ್ತುಗಳ ಹಿಂಡಿನೊಂದಿಗೆ ದಖ್ಖನ್ ತಿರುಗಿದ ಜನಕ್ಕೆ ಹೊರಗಿನವರು ಕಂಡ ಕಸುಬಿನ ಹೆಸರು ಅಂಟಿಕೊಂಡಿತು. ಗದಗ ಸುತ್ತಿನ ತಾಂಡಾಗಳಲ್ಲಿ ಎಷ್ಟು ತಲೆಮಾರು ಬೆಳೆದರೂ ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಗೋರ್ ಎಂಬ ಮಾತು ಒಮ್ಮೆಯೂ ಬರಲಿಲ್ಲ. ಕರಾವಳಿಯ ಬ್ಯಾರಿಗಳ ಹೆಸರು ತುಳುವಿನ ‘ಬ್ಯಾರ’ದಿಂದ, ಅಂದರೆ ವ್ಯಾಪಾರದಿಂದ ಬಂತೋ, ಕಡಲು ಎಂಬರ್ಥದ ಅರಬ್ಬಿಯ ‘ಬಹ್ರ್’ನಿಂದ ಬಂತೋ, ಮಲಬಾರಿ ಎಂಬುದು ಸವೆದು ಆದದ್ದೋ, ಮೂರು ವಾದಗಳೂ ಜೀವಂತವಾಗಿವೆ. ಕೊಡವ ಎಂಬುದಕ್ಕೆ ಪಡುವಣ ದಿಕ್ಕು, ಬೆಟ್ಟದ ಕೋಡು, ಕಾವೇರಿ ಪುರಾಣದ ಕ್ರೋಡದೇಶ ಎಂಬ ಮೂರು ಮೂಲಗಳನ್ನು ಹೇಳುತ್ತಾರೆ. ಕೊಡವರು ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ‘ಕೊಡಗರು’ ಎಂದಿದ್ದುದನ್ನು ‘ಕೊಡವ’ ಎಂದು ತಿದ್ದಿಸಲು ಹೈಕೋರ್ಟಿನವರೆಗೂ ಹೋಗಬೇಕಾಯಿತು. ಮೈಸೂರು ಎಂಬುದನ್ನು ಕರ್ನಾಟಕ ಎಂದು ತಿದ್ದಿಸಲು ಹದಿನೇಳು ವರ್ಷ ಹೆಣಗಿದ ನಾವು ಇವರ ಸಂಕಟವನ್ನು ಎಲ್ಲರಿಗಿಂತ ಮೊದಲು ಅರಿಯಬೇಕಿತ್ತು.

ಕಪ್ಪು ಮಣ್ಣಿನ ಒಂದೇ ಉತ್ತರಕ್ಕೆ ನನ್ನ ವಿರೋಧ ಇರುವುದು ಇದೇ ಕಾರಣಕ್ಕೆ. ಹೆಸರು ಮಣ್ಣಿನಿಂದ ಬಂತು ಎಂದು ಮಗು ನಂಬಿದರೆ, ಮುಂದಿನ ಹೆಜ್ಜೆಯಲ್ಲಿ ಈ ಮಣ್ಣಿನವರು ಯಾರು, ಅಲ್ಲದವರು ಯಾರು ಎಂದು ಎಣಿಸತೊಡಗುತ್ತದೆ. ವೇದಿಕೆಯ ಮೇಲೆ ದೊಡ್ಡವರು ಅದನ್ನೇ ಎಣಿಸುವುದನ್ನು ನಾನು ಕೇಳಿದ್ದೇನೆ. ಆ ಲೆಕ್ಕದಲ್ಲಿ ಗೋವೆಯಿಂದ ಬಂದ 16ನೆಯ ಶತಮಾನದ ಸಿದ್ದಿಯೂ, ರಾಜಸ್ಥಾನದ ಹಾದಿಯಲ್ಲಿ ಬಂದ ಗೋರ್ ಮನುಷ್ಯನೂ ಹೊರಗುಳಿಯುತ್ತಾರೆ. ಸಾಮನಗಡದ ತಾಮ್ರಪಟವನ್ನೂ ಕವಿರಾಜಮಾರ್ಗವನ್ನೂ ಜೊತೆಗಿಟ್ಟು ಕಲಿಸಿದರೆ ಆ ಎಣಿಕೆ ಮಾಡುವ ಆಸೆಯೇ ಹುಟ್ಟುವುದಿಲ್ಲ. ಕರ್ಣಾಟಕದ ಬಲವನ್ನು ಮುರಿದವರ ವಂಶದವರೇ ಕನ್ನಡದ ಎಲ್ಲೆ ಬರೆಸಿದರು ಎಂದು ತಿಳಿದ ಮಗುವಿಗೆ ಕನ್ನಡಿಗರಾಗುವ ದಾರಿ ಎಲ್ಲರಿಗೂ ತೆರೆದಿದೆ ಎಂದು ಅರ್ಥವಾಗುತ್ತದೆ.

ಪಠ್ಯಪುಸ್ತಕ ಸಂಘದವರಿಗೂ, ನವೆಂಬರಿನ ಭಾಷಣಗಳನ್ನು ಬರೆದುಕೊಡುವ ನನ್ನ ಸಹೋದ್ಯೋಗಿಗಳಿಗೂ ಒಂದು ವಿನಂತಿ. ಎಂಟನೆಯ, ಒಂಬತ್ತನೆಯ ತರಗತಿಯ ಪಾಠದಲ್ಲಿ ಕರ್ನಾಟಕ ಎಂಬ ಹೆಸರಿನ ವಾದಗಳನ್ನು ಪುರಾವೆಗಳ ಸಮೇತ ಅಚ್ಚು ಮಾಡಿ. ಗುಂಡರ್ಟ್ ಏನೆಂದರು, ಶಂ.ಬಾ. ಏನೆಂದರು, ಕಿಸುವೊಳಲು ಎಂದರೇನು, ಎಲ್ಲವೂ ಇರಲಿ. ಇನ್ನೂ ತೀರ್ಮಾನವಾಗಿಲ್ಲ ಎಂಬ ವಾಕ್ಯವೂ ಇರಲಿ. ಪಕ್ಕದಲ್ಲೇ ಸಿದ್ದಿ, ಗೋರ್, ಬ್ಯಾರಿ, ಕೊಡವ, ತುಳು ಹೆಸರುಗಳಿಗೂ ಒಂದೊಂದು ಪುಟ ಕೊಡಿ, ಆ ಸಮುದಾಯದವರ ಕೈಯಿಂದಲೇ ಬರೆಸಿ. ಈ ನವೆಂಬರಿನ ಭಾಷಣ ಸ್ಪರ್ಧೆಗೆ ವಿಷಯ ಆರಿಸುವ ಮುಖ್ಯೋಪಾಧ್ಯಾಯರು ಪಠ್ಯ ಬದಲಾಗುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಊರಿನ ಹೆಸರು, ನಿಮ್ಮ ಜನರ ಹೆಸರು ಎಲ್ಲಿಂದ ಬಂತೆಂದು ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ ಎಂದು ಮಕ್ಕಳಿಗೆ ಇದೇ ವಾರ ಹೇಳಿ. ಬಂದ ಉತ್ತರಗಳು ಒಂದಕ್ಕೊಂದು ಹೊಂದದಿದ್ದರೆ ಎರಡನ್ನೂ ವೇದಿಕೆಯ ಮೇಲೆ ಹೇಳಲು ಬಿಡಿ.